ಮೂವತ್ತೊಂದನೇ ಚಿತ್ರದ ಪಕ್ಕ ನಿಲ್ಲಬೇಕಾದವರು

ಹರಿಹರ
೨೧ ಆಗಸ್ಟ್ ೨೦೨೫

ಶ್ರೀ ಎಸ್. ಗುತ್ತೆಪ್ಪ ಅವರಿಗೆ,

ಇದೇ ಆಗಸ್ಟ್ ಹದಿನೇಳನೇ ತಾರೀಖು ಭಾನುವಾರ, ದಾವಣಗೆರೆಯ ‘ಬೆಳಕಿಂಡಿ ಛಾಯಾಚಿತ್ರ ಬಳಗ’ದ ಪ್ರದರ್ಶನದಲ್ಲಿ, ನೀವು ನನ್ನ ಹೆಂಡತಿಯನ್ನು ದೆವ್ವ ಹಿಡಿದವಳನ್ನಾಗಿ ಮಾಡಿ ಗೋಡೆಗೆ ತೂಗುಹಾಕಿದ್ದೀರಿ. ಮೂವತ್ತೊಂದನೇ ನಂಬರಿನ ಚಿತ್ರ. ಕೆಳಗಿನ ಚೀಟಿಯಲ್ಲಿ ‘ಗಾಳಿ: ಉಕ್ಕಡಗಾತ್ರಿಯಲ್ಲಿ ದೆವ್ವ ಬಿಡಿಸಿಕೊಳ್ಳಲು ಬಂದ ಅನಾಮಧೇಯ ಮಹಿಳೆ’ ಎಂದಿತ್ತು. ಅದರ ಕೆಳಗೆ ನಿಮ್ಮ ಹೆಸರು, ಊರು ಲೋಕಿಕೆರೆ.

ಅವಳು ಅನಾಮಧೇಯಳಲ್ಲ. ಅವಳ ಹೆಸರು ದ್ರಾಕ್ಷಾಯಣಮ್ಮ. ನಲವತ್ತಾರು ವರ್ಷ ನನ್ನ ಜೊತೆ ಬಾಳಿ, ಕಳೆದ ನವೆಂಬರ್ ಹದಿನೆಂಟರಂದು ಲಿಂಗೈಕ್ಯಳಾದಳು. ಅವಳಿಗೆ ಯಾವ ಗಾಳಿಯೂ ಹಿಡಿದಿರಲಿಲ್ಲ. ದೆವ್ವ, ಗಾಳಿ, ಅಮಾವಾಸ್ಯೆ ಎಂದು ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಆ ಕ್ಷೇತ್ರದ ದೇವರ ಹೆಸರನ್ನೇ ಇಟ್ಟುಕೊಂಡಿದ್ದರೂ ನಾನು ಅಲ್ಲಿಗೆ ಹೋಗಿ ನಲವತ್ತು ವರ್ಷವಾಗಿರಬೇಕು.

ನಾನು ಬಂದದ್ದು ಅವಳ ಚಿತ್ರ ಅಲ್ಲಿದೆಯೆಂದು ತಿಳಿದು ಅಲ್ಲ. ಆಹ್ವಾನ ಪತ್ರಿಕೆಯಲ್ಲಿದ್ದ ಒಂದು ಸಾಲಿಗಾಗಿ ಬಂದೆ. ‘ಸಂಜೆ ನಾಲ್ಕರಿಂದ ಆರರವರೆಗೆ ಛಾಯಾಗ್ರಾಹಕರು ತಮ್ಮ ಚಿತ್ರಗಳ ಪಕ್ಕದಲ್ಲೇ ನಿಂತು ನೋಡುಗರೊಂದಿಗೆ ಮಾತನಾಡುತ್ತಾರೆ.’ ೧೯೮೪ರಲ್ಲಿ ದಾವಣಗೆರೆಯಲ್ಲೇ ಅಂಥ ಒಂದು ಪ್ರದರ್ಶನ ನೋಡಿದ್ದೆ. ಹತ್ತಿ ಮಾರುಕಟ್ಟೆಯಲ್ಲಿ ಅರಳೆ ತುಂಬಿದ ಅಂಡಿಗೆ ಚೀಲಕ್ಕೆ ಒರಗಿ ನಿಂತ ಮುದುಕನ ಚಿತ್ರವೊಂದಿತ್ತು. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಪಾಪ, ಈ ವಯಸ್ಸಿನಲ್ಲೂ ಹಮಾಲಿಯೇ ಎಂದೆ. ಪಕ್ಕದಲ್ಲಿ ನಿಂತಿದ್ದ ಛಾಯಾಗ್ರಾಹಕ ನಕ್ಕು, ‘ಅವನಿಗೆ ಇಪ್ಪತ್ತೆರಡು ಕಣ್ರೀ. ಕೂದ್ಲು ನೆರೆತಿಲ್ಲ, ಅರಳೆ ಕುಂತೈತೆ’ ಎಂದರು. ಆ ಒಂದು ಮಾತು ಹೇಳುವವರು ಅಲ್ಲಿ ಇಲ್ಲದಿದ್ದರೆ ಇವತ್ತಿಗೂ ಆ ಹುಡುಗ ನನ್ನ ತಲೆಯಲ್ಲಿ ಮುದುಕನಾಗಿಯೇ ಇರುತ್ತಿದ್ದ.

ಮೊನ್ನೆ ನಾಲ್ಕು ಗಂಟೆಗೆ ಯಾವ ಚಿತ್ರದ ಪಕ್ಕದಲ್ಲೂ ಯಾರೂ ಇರಲಿಲ್ಲ. ವೇದಿಕೆಯ ಮೇಲೆ ಸನ್ಮಾನ ನಡೆದಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಮೂವತ್ತೊಂದನೇ ಚಿತ್ರದ ಮುಂದೆ ಒಂದೂವರೆ ತಾಸು ನಿಂತೆ. ಕಡೆಗೆ ಕಾರ್ಯದರ್ಶಿ ಮಹಾಂತೇಶ್ ಎಂಬವರನ್ನು ಹಿಡಿದು ನಿಮ್ಮನ್ನು ಕೇಳಿದೆ. ನನಗೆ ಕಿವಿ ಮಂದ. ಅವರು ಹತ್ತಿರ ಬಂದು ಇಡೀ ಸಭೆಗೆ ಕೇಳುವಂತೆ ಕೂಗಿದರು: ‘ಆ ಫೋಟೋದೋರು ಬಂದಿಲ್ರೀ ಅಜ್ಜಾರೆ!’

ಹೆಸರಿಲ್ಲದ ಹೆಂಗಸನ್ನು ತೂಗುಹಾಕಿ ತಾವು ಮರೆಯಲ್ಲಿರುವುದು ಯಾವ ಕಲೆ ಸ್ವಾಮಿ? ಚೀಟಿ ತೆಗೆಸಿ. ಕ್ಷಮೆ ಕೇಳಿ. ಮತ್ತು ಆ ಚಿತ್ರ ಯಾವ ದಿನ, ಯಾವ ಹೊತ್ತಿನಲ್ಲಿ ತೆಗೆದಿರಿ, ಅವಳು ಅಲ್ಲಿ ಏನು ಮಾಡುತ್ತಿದ್ದಳು ಎಂಬುದನ್ನು ಬರೆದು ತಿಳಿಸಿ. ಫೋನು ಬೇಡ, ನನಗೆ ಕೇಳಿಸುವುದಿಲ್ಲ.

ಕರಿಬಸವರಾಜ
(ಚೌಕಟ್ಟಿನ ಅಂಗಡಿ, ಈಗ ಮುಚ್ಚಿದೆ)


ಲೋಕಿಕೆರೆ
೨ ಸೆಪ್ಟೆಂಬರ್ ೨೦೨೫

ಪೂಜ್ಯ ಕರಿಬಸವರಾಜ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಮ್ಮಪ್ಪನ ಹೆಸರಿಗೆ ಬಂತು. ಪೋಸ್ಟ್‌ಮನ್ ಬಾಗಿಲಲ್ಲೇ ನಿಂತು, ‘ಏನವಾ, ಸತ್ತೋರಿಗೂ ರಿಜಿಸ್ಟರ್ ಬರ್ತಾವಲ್ಲ’ ಎಂದು ನಗೆಯಾಡಿ ಕೊಟ್ಟುಹೋದ. ಅಪ್ಪ ತೀರಿಕೊಂಡು ಎರಡು ವರ್ಷ ದಾಟಿತು. ಆ ಚೀಟಿಯಲ್ಲಿದ್ದ ಎಸ್. ಅಂದರೆ ನಾನು, ಸುಮಾ. ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸ ಮಾಡುತ್ತೇನೆ. ಆ ಫೋಟೋ ತೆಗೆದವಳು ನಾನೇ. ಹೋದ ವರ್ಷ ಫೆಬ್ರವರಿ ಒಂಬತ್ತು, ಅಮಾವಾಸ್ಯೆ, ಬೆಳಗಿನ ಹತ್ತೂವರೆ.

ಆ ಚೀಟಿ ನಾನು ಬರೆದದ್ದಲ್ಲ. ನಾನು ಕೊಟ್ಟ ಹೆಸರು ‘ಇಬ್ಬರು’ ಎಂದಿತ್ತು. ಅವರು ತೀರಿಕೊಂಡರೆಂದು ನಿಮ್ಮ ಪತ್ರದಿಂದಲೇ ತಿಳಿಯಿತು. ನಿಮಗೆ ನೋವಾಗಿದ್ದಕ್ಕೆ ಕ್ಷಮೆ ಕೇಳುತ್ತೇನೆ.

ದಯವಿಟ್ಟು ಇದನ್ನು ಬಳಗದವರಿಗೆ ತಿಳಿಸಬೇಡಿ.

ಇಂತಿ,
ಸುಮಾ


ಹರಿಹರ
೫ ಸೆಪ್ಟೆಂಬರ್ ೨೦೨೫

ಸುಮಾ ಅವರಿಗೆ,

ತೀರಿಹೋದ ನಿಮ್ಮ ತಂದೆಯ ಮೇಲೆ ನನ್ನ ಸಿಟ್ಟನ್ನು ಸುರಿದುಬಿಟ್ಟೆ. ಕ್ಷಮೆ ಈಗ ನಾನು ಕೇಳಬೇಕಾಗಿದೆ, ಕೇಳಿದ್ದೇನೆ. ಆದರೆ ನಿಮ್ಮ ಪತ್ರ ಒಂದು ಬಾಗಿಲು ತೆಗೆದು ಮೂರು ಮುಚ್ಚಿದೆ.

‘ಇಬ್ಬರು’ ಎಂದಿರಿ. ಗೋಡೆಯ ಮೇಲೆ ಇದ್ದವಳು ಒಬ್ಬಳೇ. ನಾನು ನಲವತ್ತೊಂದು ವರ್ಷ ಫೋಟೋಗಳಿಗೆ ಕಟ್ಟು ಹಾಕಿದವನು. ದೇವರು, ಮದುವೆ, ತೀರಿಕೊಂಡವರು, ಎಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಜನ ಚಿತ್ರದ ನಡುವೆ ನೋಡುತ್ತಾರೆ, ನಾವು ಅಂಚು ನೋಡುತ್ತೇವೆ. ನಿಮ್ಮ ಚಿತ್ರದ ಎಡಗಡೆಯ ಅಂಚಿನಲ್ಲಿ ಒಂದು ಅರ್ಧ ಮಣಿಕಟ್ಟು ಇದೆ. ಹಸಿರು ಗಾಜಿನ ಬಳೆ ಎರಡು. ನನ್ನ ಹೆಂಡತಿ ಕೈಗೆ ಚಿನ್ನದ ಬಳೆ ಒಂದೊಂದೇ ಹಾಕುತ್ತಿದ್ದುದು. ಆ ಕೈ ಯಾರದು? ಅದನ್ನು ಕತ್ತರಿಸಿದವರು ಯಾರು?

ನನ್ನ ಕಸುಬಿನಲ್ಲೂ ಕತ್ತರಿಸಿದ್ದೇವೆ, ಸುಳ್ಳು ಹೇಳುವುದಿಲ್ಲ. ಗಿರಾಕಿ ತಂದ ಫೋಟೋ ದೊಡ್ಡದು, ಅಂಗಡಿಯಲ್ಲಿ ತಯಾರಿದ್ದ ಕಟ್ಟು ಚಿಕ್ಕದು ಅಂದರೆ ಬ್ಲೇಡು ಎಳೆದುಬಿಡುವುದು. ಒಂದು ಗಿಡ ಹೋಗುತ್ತಿತ್ತು, ಒಂದು ಕುರ್ಚಿ, ಕೆಲವೊಮ್ಮೆ ತುದಿಯಲ್ಲಿ ನಿಂತ ಯಾರದೋ ಭುಜ. ‘ಮುಖ ಉಳೀತಲ್ಲ, ಸಾಕು ಬಿಡ್ರಿ’ ಎನ್ನುತ್ತಿದ್ದರು ಗಿರಾಕಿಗಳು. ಆದರೆ ಹೀಗೆ ಒಬ್ಬ ಹೆಂಗಸನ್ನೇ ಕತ್ತರಿಸಿ, ಉಳಿದವಳಿಗೆ ದೆವ್ವ ಹಿಡಿಸಿದ್ದಿಲ್ಲ.

ಇನ್ನೊಂದು. ಹದಿನೇಳನೇ ತಾರೀಖು ನೀವೇಕೆ ಬರಲಿಲ್ಲ? ಬಂದಿದ್ದರೆ ಎರಡು ನಿಮಿಷದ ಮಾತು. ಈಗ ಅದಕ್ಕೆ ಎಷ್ಟು ಅಂಚೆ ಬೇಕೋ!

ಬಳಗದವರಿಗೆ ಏಕೆ ತಿಳಿಸಬಾರದು?

ಕರಿಬಸವರಾಜ


ಲೋಕಿಕೆರೆ
೧೨ ಸೆಪ್ಟೆಂಬರ್ ೨೦೨೫

ಅಜ್ಜಾರಿಗೆ ನಮಸ್ಕಾರಗಳು. ಹೀಗೆ ಕರೆಯಬಹುದೆಂದು ಅಂದುಕೊಂಡಿದ್ದೇನೆ.

ಇದರ ಜೊತೆ ಪೂರ್ತಿ ಫೋಟೋ ಇಟ್ಟಿದ್ದೇನೆ. ಎಡಗಡೆ ಇರುವವರು ನಮ್ಮವ್ವ ದುರುಗವ್ವ. ಹಸಿರು ಬಳೆಯ ಕೈ ಅವ್ವನದು. ಅಪ್ಪ ತೀರಿಕೊಂಡ ಮೇಲೂ ಅವ್ವ ಬಳೆ ತೆಗೆಯಲು ಬಿಟ್ಟಿರಲಿಲ್ಲ. ಮಾತು ಮಾತ್ರ ಬಿಟ್ಟಿದ್ದಳು. ಎಂಟು ತಿಂಗಳು ಒಂದಕ್ಷರ ಆಡಿರಲಿಲ್ಲ. ದಾವಣಗೆರೆಯ ಡಾಕ್ಟರಿಗೂ ತೋರಿಸುತ್ತಿದ್ದೆ. ಊರಿನವರು ಗಾಳಿ ಎಂದರು. ಚಿಕ್ಕಮ್ಮನ ಕಾಟ ತಡೆಯಲಾರದೆ ಉಕ್ಕಡಗಾತ್ರಿಗೆ ಕರೆದುಕೊಂಡು ಹೋದೆ. ಗಾಳಿ ಎಂಬ ಚೀಟಿ ಯಾರಿಗಾದರೂ ಸಲ್ಲುವುದಿದ್ದರೆ ನಮ್ಮವ್ವನಿಗೆ. ಕತ್ತರಿಸಿದ್ದು ಅವಳನ್ನೇ.

ಕತ್ತರಿಸಿದವರು, ಆ ಚೀಟಿ ಬರೆದವರು ಮಹಾಂತೇಶ್ ಸರ್. ಅವರೇ ನಮ್ಮ ಸ್ಟುಡಿಯೋ ಮಾಲೀಕರು. ಬಳಗದ ಹತ್ತಿರ ಇದ್ದ ಫ್ರೇಮುಗಳ ಅಳತೆಗೆ ಅದು ಕೂಡಲಿಲ್ಲವಂತೆ. ‘ಇಬ್ರು ನಗೋದ್ರಾಗೆ ಏನೈತವಾ? ಒಬ್ಬಾಕಿ ಇದ್ರೆ ಎಫೆಕ್ಟ್ ಬರ್ತೈತೆ’ ಎಂದರು.

ನಾನು ಬರಲಿಲ್ಲವೇಕೆ ಎಂದು ಕೇಳಿದ್ದೀರಿ. ಬಂದಿದ್ದೆ ಅಜ್ಜಾರೆ. ವೇದಿಕೆಯ ಮೇಲೆ ನೀಲಿ ಸೀರೆ ಉಟ್ಟು ಶಾಲುಗಳ ತಟ್ಟೆ ಹಿಡಿದು ನಿಂತಿದ್ದವಳು ನಾನೇ. ನೀವು ಮೂವತ್ತೊಂದರ ಮುಂದೆ ನಿಂತಿದ್ದನ್ನು ಒಂದೂವರೆ ತಾಸು ಅಲ್ಲಿಂದಲೇ ನೋಡಿದೆ. ಸರ್ ನಿಮ್ಮ ಕಿವಿಯ ಹತ್ತಿರ ಕೂಗಿದ್ದು ನನಗೂ ಕೇಳಿಸಿತು. ಆಗ ತಟ್ಟೆಯಲ್ಲಿ ಇನ್ನೂ ಆರು ಶಾಲುಗಳಿದ್ದವು. ನಾನು ಅಲ್ಲಾಡಲಿಲ್ಲ.

ಆಮೇಲೆ ಕೇಳಿದರೆ ಸರ್, ‘ನೀನಿದ್ದಿ ಅಂದಿದ್ರೆ ಆ ಅಜ್ಜ ಅರ್ಧ ತಾಸು ಹಿಡ್ಕಂತಿದ್ದ, ತಟ್ಟೆ ಯಾರು ಹಿಡೀಬೇಕು’ ಎಂದರು.

ಫೋಟೋದಲ್ಲಿ ನಿಮ್ಮ ಮನೆಯವರು ಕಿರುಚುತ್ತಿಲ್ಲ. ನಗುತ್ತಿದ್ದಾರೆ. ಅಷ್ಟೇ.

ಸುಮಾ


ಹರಿಹರ
೧೫ ಸೆಪ್ಟೆಂಬರ್ ೨೦೨೫

ಸುಮಾ,

ಫೋಟೋ ಬಂತು. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಕೆಳಗಿಟ್ಟೆ, ಮತ್ತೆ ನೋಡಿದೆ. ನಿಜ, ನಗುತ್ತಿದ್ದಾಳೆ. ಅವಳ ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ, ಅದು ಕಾಣುವಷ್ಟು ಬಾಯಿ ತೆರೆದಿದ್ದಾಳೆ. ಮದುವೆಯಾದ ಹೊಸತರಲ್ಲಿ ಹೀಗೆ ನಕ್ಕದ್ದು ನೋಡಿದ್ದೆ. ಕತ್ತರಿಸಿದ ಚಿತ್ರದಲ್ಲಿ ಅದೇ ಬಾಯಿ ಚೀರಾಟವಾಗಿತ್ತು. ನಿಮ್ಮ ತಾಯಿಯ ಮುಖ ಪಕ್ಕದಲ್ಲಿ ಬಂದದ್ದೇ ತಡ, ನಗೆಯಾಯಿತು.

ಆದರೆ ‘ಅಷ್ಟೇ’ ಎಂದು ಏಕೆ ಬರೆದಿರಿ? ಕತ್ತರಿಸಿದ್ದು ಗೊತ್ತಾಗುವುದು ಅಂಥ ಮಾತಿನಿಂದಲೇ.

ನಾನೂ ಒಂದು ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಅವಳು ಪ್ರತಿ ಅಮಾವಾಸ್ಯೆ ಬೆಳಗಿನ ಬಸ್ಸಿಗೆ ಹೋಗುತ್ತಿದ್ದುದು ಕೊಂಡಜ್ಜಿ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ ಎಂದು ನಾನು ನಂಬಿದ್ದೆ. ನಿಮ್ಮ ಮೊದಲ ಪತ್ರ ಬಂದ ಮೇಲೆ ಕೊಂಡಜ್ಜಿಗೆ ಹೋಗಿ ಆ ಅಕ್ಕ ಲಕ್ಷ್ಮೀದೇವಿಯನ್ನು ಕೇಳಿದೆ. ಆಕೆ ಕೆರೆ ಏರಿಯ ಕಡೆ ಮುಖ ಮಾಡಿ ಕುಳಿತು, ಸ್ಲೇಟಿನ ಮೇಲೆ ಬರೆದು ತೋರಿಸಿದಳು: ‘ಅಮಾಸಿಗೆ ನಮ್ಮನಿಗೆ ಯಾವತ್ತೂ ಬಂದಿಲ್ಲ.’ ನನ್ನ ಸಲುವಾಗಿ ಆ ಮನೆಯಲ್ಲಿ ಮೊಮ್ಮಕ್ಕಳ ಸ್ಲೇಟು ಇಟ್ಟಿದ್ದಾರೆ.

ಹೋದ ವರ್ಷ ಆಗಸ್ಟ್ ಎರಡನೇ ವಾರದಲ್ಲಿ ಅವಳು ಬಚ್ಚಲಲ್ಲಿ ಬಿದ್ದಳು. ದಾವಣಗೆರೆಗೆ ಕರೆದುಕೊಂಡು ಹೋದಾಗ ಎದೆಯ ಗಂಟಿನ ವಿಷಯ ಗೊತ್ತಾಯಿತು. ಡಾಕ್ಟರು ಕಾಗದದ ಮೇಲೆ ಬರೆದರು: ‘ಆರು ತಿಂಗಳು ಮುಂಚೆ ಬಂದಿದ್ದರೆ.’ ಆ ಚೀಟಿ ನನ್ನ ಹತ್ತಿರ ಇನ್ನೂ ಇದೆ. ನಾನು ಅವಳನ್ನು ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತೇ ಎಂದು. ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಸ್ಪಷ್ಟವಾಗಲಿಲ್ಲ. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ನೀವು ಚಿತ್ರ ತೆಗೆದದ್ದು ಫೆಬ್ರವರಿ. ಅವಳು ಅಂದು ಏನು ಹೇಳಿದಳು? ನನಗೆ ಮಕ್ಕಳಿಲ್ಲ. ಅವಳ ಆ ದಿನವನ್ನು ಕಂಡವರು ಭೂಮಿಯ ಮೇಲೆ ನೀವು ಮತ್ತು ನಿಮ್ಮ ತಾಯಿ ಇಬ್ಬರೇ. ಅವಳಿಗೆ ಗೊತ್ತಿತ್ತೇ? ಇಷ್ಟು ತಿಳಿಸಿ ಸಾಕು.

ಕರಿಬಸವರಾಜ


ಹರಿಹರ
೪ ಅಕ್ಟೋಬರ್ ೨೦೨೫

ಸುಮಾ,

ಹತ್ತೊಂಬತ್ತು ದಿನವಾಯಿತು. ಮಾಲೀಕರ ಹೆದರಿಕೆ ಇದ್ದರೆ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ನಿಶ್ಚಿಂತೆಯಾಗಿರಿ. ಅಥವಾ ಅವಳಿಗೆ ನಿಜವಾಗಿಯೂ ಅಲ್ಲಿ ಮೈಮೇಲೆ ಏನೋ ಬಂದಿತ್ತು, ನನಗೆ ನಾಚಿಕೆಯಾಗದಿರಲೆಂದು ನೀವು ಮುಚ್ಚಿಡುತ್ತಿದ್ದೀರೋ? ಹಾಗಿದ್ದರೆ ಹಾಗೇ ಬರೆಯಿರಿ. ನಾನು ಓದಿಕೊಂಡವನು, ತಡೆದುಕೊಳ್ಳುತ್ತೇನೆ.

ಪೋಸ್ಟ್‌ಮನ್ ಈಗ ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸದೆ ದೂರದಿಂದಲೇ ಕೈ ಅಲ್ಲಾಡಿಸಿ ಹೋಗುತ್ತಾನೆ.

ಕರಿಬಸವರಾಜ


ಲೋಕಿಕೆರೆ
೧೧ ಅಕ್ಟೋಬರ್ ೨೦೨೫

ಅಜ್ಜಾರೆ,

ನಾಲ್ಕು ಸಲ ಬರೆದು ಹರಿದೆ. ಎದುರಿಗೆ ಕುಳಿತಿದ್ದರೆ ನಿಮ್ಮ ಮುಖ ನೋಡಿ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದೆ. ಕಾಗದದಲ್ಲಿ ಅದು ಆಗುವುದಿಲ್ಲ. ಇದನ್ನು ನೀವು ಒಬ್ಬರೇ ಓದುತ್ತೀರಿ ಎಂಬುದೇ ನನ್ನನ್ನು ತಡೆದದ್ದು, ಮಾಲೀಕರಲ್ಲ.

ಅವತ್ತು ಹೊಳೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಮುಳುಗಿ ಎದ್ದವರು ಬಿಟ್ಟ ಬಟ್ಟೆ ನೀರಲ್ಲಿ ರಾಶಿ. ಕೂದಲು ಬಿಚ್ಚಿಕೊಂಡು ಕೂಗುವವರು, ಅಳುವವರು. ನಮ್ಮವ್ವ ಕಲ್ಲಿನ ಹಾಗೆ ಕುಳಿತಿದ್ದಳು. ನಿಮ್ಮ ಮನೆಯವರು ಆಗಲೇ ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಾ ಅವ್ವನ ಪಕ್ಕ ಬಂದು ಕುಳಿತರು.

‘ಯಾಕವಾ ಸುಮ್ನೆ ಕುಂತಿ? ದುಡ್ಡು ಕೊಟ್ಟು ಬಸ್ ಹತ್ತಿ ಬಂದೀಯ, ಕೂಗು. ಇಲ್ಲಿ ಯಾಕ ಅಂತ ಯಾರೂ ಕೇಳಂಗಿಲ್ಲ’ ಎಂದರು.

‘ನಿಮಗೂ ಗಾಳಿ ಐತೇನ್ರಿ ಅಮ್ಮಾರೆ?’ ಎಂದು ನಾನು ಕೇಳಿದೆ.

‘ಗಾಳಿನೂ ಇಲ್ಲ, ಧೂಳೂ ಇಲ್ಲ. ನಮ್ಮನೆಯವರಿಗೆ ಕಿವಿ ಮಂದ. ಮಷೀನ್ ಹಾಕ್ಯಳ್ರಿ ಅಂದ್ರೆ ಮುದುಕ್ರು ಹಾಕ್ಯಳದು ಅದು ಅಂತಾರೆ. ಒಂದು ಮಾತು ಹೇಳಬೇಕಂದ್ರೆ ಒದರಬೇಕು, ಒದರಿದ್ರೆ ಓಣಿಗೆಲ್ಲಾ ಡಂಗುರ. ಗೋಡೆಗೆ ಗೋಡೆ ಹತ್ತಿದ ಮನೆ ನೋಡವಾ. ಅದಕ್ಕೆ ಸಾರಿಗೆ ಉಪ್ಪು ಸಾಕಾ ಅಂತ ಕೇಳ್ತೀನಿ, ಬ್ಯಾರೆ ಏನೂ ಮಾತಾಡಲ್ಲ. ಇಲ್ಲಿ ಬಂದು ತಿಂಗಳದ್ದೆಲ್ಲಾ ಕೂಗಿ ಹೋಗ್ತೀನಿ.’

‘ಬರೆದು ತೋರ್ಸಬಹುದಲ್ರಿ?’

‘ಕೆಲವು ಮಾತು ಬರೆಯಾಕೆ ಬರಂಗಿಲ್ಲವಾ.’

ಆಮೇಲೆ ಎದ್ದು ನೀರಿನ ಕಡೆ ತಿರುಗಿ ಕೂಗಿದರು. ನೀವು ಕೇಳಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ‘ನನ್ನ ಎದಿಯಾಗೆ ಗಂಟಾಗೈತೆ! ಕೇಳಿಸ್ತೇನ್ರೀ! ಗಂಟಾಗೈತೆ!’ ಎಂದು ಮೂರು ಸಲ ಕೂಗಿದರು. ಸುತ್ತಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಎಲ್ಲರೂ ಏನಾದರೊಂದು ಕೂಗುತ್ತಿದ್ದರು.

ಆಗ ನಮ್ಮವ್ವ, ಎಂಟು ತಿಂಗಳಿಂದ ಬಾಯಿ ಬಿಡದವಳು, ಅವರ ಸೆರಗು ಜಗ್ಗಿ, ‘ಎಲ್ಲಿ, ತೋರ್ಸವಾ!’ ಎಂದಳು.

ನಿಮ್ಮ ಮನೆಯವರು ಅವ್ವನ ಕಡೆ ತಿರುಗಿದರು. ‘ಅಯ್ಯ ಇವಳ! ಸಂತಿಯಾಗೆ ತೋರ್ಸಲೇನು!’ ಎಂದು ನಗಲು ಶುರು ಮಾಡಿದರು. ಅವ್ವನೂ ನಕ್ಕಳು. ಇಬ್ಬರೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಕ್ಯಾಮೆರಾ ಎತ್ತಿದ್ದು ಆಗ. ಅವ್ವ ನಕ್ಕಿದ್ದಕ್ಕೆ ಎತ್ತಿದೆ ಅಜ್ಜಾರೆ, ಬೇರೆ ಏನೂ ಯೋಚನೆ ಇರಲಿಲ್ಲ.

ಡಾಕ್ಟರಿಗೆ ತೋರಿಸಿ ಎಂದು ಬಸ್ ಹತ್ತುವ ತನಕ ಹೇಳಿದೆ. ‘ತೋರ್ಸನ, ಮೊದ್ಲು ಅವರಿಗೆ ಹೇಳಬೇಕಲ್ಲ, ಹೆಂಗೆ ಹೇಳಬೇಕು ಅಂತ ನೋಡ್ತಿದೀನಿ’ ಎಂದರು. ಅವರ ಹೆಸರು, ಊರು ಕೇಳಲು ನನಗೆ ತೋಚಲಿಲ್ಲ. ಅದು ನನ್ನ ತಪ್ಪು.

ಸುಮಾ


ಹರಿಹರ
೨೦ ನವೆಂಬರ್ ೨೦೨೫

ಚಿರಂಜೀವಿ ಸುಮಾ,

ನಿನ್ನ ಪತ್ರ ಬಂದು ತಿಂಗಳು ದಾಟಿತು. ಉತ್ತರ ಬರೆಯದಿದ್ದುದಕ್ಕೆ ಸಿಟ್ಟು ಕಾರಣವಲ್ಲ. ಮೊನ್ನೆ ಹದಿನೆಂಟಕ್ಕೆ ಅವಳ ವರ್ಷದ ಪೂಜೆಯಾಯಿತು. ಅದು ಮುಗಿಯಲಿ ಎಂದು ಕಾದೆ.

ಫೆಬ್ರವರಿ ಒಂಬತ್ತರಿಂದ ಆಗಸ್ಟ್ ಎರಡನೇ ವಾರಕ್ಕೆ ಆರು ತಿಂಗಳು. ಬೆರಳು ಮಡಿಸಿ ಎಣಿಸಿದೆ, ಕ್ಯಾಲೆಂಡರ್ ಇಟ್ಟುಕೊಂಡೂ ಎಣಿಸಿದೆ. ಹೇಗೆ ಹೇಳಬೇಕು ಎಂದು ಅವಳು ನೋಡುತ್ತಿದ್ದಳು. ನಾನು ಅದೇ ಮನೆಯಲ್ಲಿ, ಎಂಟಡಿ ದೂರದಲ್ಲಿ, ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿದ್ದೆ. ಸಾರಿಗೆ ಉಪ್ಪು ಸಾಕೇ ಎಂದು ಸನ್ನೆ ಮಾಡಿದರೆ ಸಾಕು ಎಂದು ಸನ್ನೆ ಮಾಡುತ್ತಿದ್ದೆ. ನಮ್ಮದು ಗಲಾಟೆಯಿಲ್ಲದ ಸಂಸಾರ ಎಂದು ನೆಂಟರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ.

ಹೋದ ವಾರ ಕಿವಿಗೆ ಮಷೀನ್ ಹಾಕಿಸಿಕೊಂಡೆ. ಹುಮಾ ಎಂಬ ಹುಡುಗಿ ಅಳತೆ ತೆಗೆದು ಕೂರಿಸಿ, ‘ಕೇಳಿಸ್ತಾ ಚಾಚಾ?’ ಎಂದಳು. ಕೇಳಿಸಿತು. ಮನೆಗೆ ಬಂದು ಬಾಗಿಲು ಹಾಕಿದೆ. ಫ್ಯಾನು ಕಿರುಗುಟ್ಟುತ್ತದೆ. ನಲ್ಲಿ ತೊಟ್ಟಿಕ್ಕುತ್ತದೆ. ಆಚೆ ಮನೆಯವರು ಕೆಮ್ಮಿದ್ದು ಗೋಡೆ ದಾಟಿ ಬಂತು. ಅವಳು ಹೇಳಿದ್ದು ನಿಜ, ಈ ಗೋಡೆಯಲ್ಲಿ ಏನೂ ನಿಲ್ಲುವುದಿಲ್ಲ. ಮಾತೊಂದು ಬಿಟ್ಟು ಎಲ್ಲ ಸದ್ದೂ ಈ ಮನೆಯಲ್ಲಿದೆ. ರಾತ್ರಿಯಾಗುವ ಮೊದಲೇ ಅದನ್ನು ತೆಗೆದು ಡಬ್ಬಿಯಲ್ಲಿಟ್ಟೆ. ಮರುದಿನ ಮತ್ತೆ ಹಾಕಿದೆ. ರೂಢಿಯಾಗಬೇಕಂತೆ.

ಅಂಗಡಿಯ ಬಾಗಿಲು ತೆಗೆದು ನಿನ್ನ ಚಿತ್ರಕ್ಕೆ ಕಟ್ಟು ಹಾಕಿದೆ. ಅಷ್ಟು ಉದ್ದದ ಪಟ್ಟಿ ಇರಲಿಲ್ಲ. ಎರಡು ತುಂಡು ಸೇರಿಸಿದ್ದೇನೆ. ಜೋಡಣೆ ಕಾಣುತ್ತದೆ, ಕಾಣಲಿ. ಚಿತ್ರದಲ್ಲಿ ಒಂದು ನೂಲಿನಷ್ಟೂ ಕತ್ತರಿಸಿಲ್ಲ.

ನಿನ್ನ ಮೇಲೆ ನನಗೆ ಬೇಸರವಿಲ್ಲ. ಹೆಸರು ಕೇಳದೆ ಇದ್ದುದು ನಿನ್ನ ತಪ್ಪಾದರೆ, ಹೆಸರು ಗೊತ್ತಿದ್ದೂ ಕೇಳದೆ ಇದ್ದವನದು ಏನು?

ಈಗ ವಿಷಯಕ್ಕೆ ಬರುತ್ತೇನೆ. ಬಳಗದವರು ಅದೇ ಪ್ರದರ್ಶನವನ್ನು ಜನವರಿ ನಾಲ್ಕರಂದು ಹರಿಹರಕ್ಕೆ ತರುತ್ತಿದ್ದಾರೆ. ಕರಪತ್ರ ಬಂದಿದೆ. ಅದರ ಮೇಲೆ ಅಚ್ಚಾಗಿರುವುದು ನನ್ನ ಹೆಂಡತಿಯ ಕತ್ತರಿಸಿದ ಮುಖ. ಈ ಊರಿನಲ್ಲಿ ಅವಳನ್ನು ಗುರುತಿಸದವರಿಲ್ಲ. ಹಾಲಿನವನು ನೋಡಿ, ‘ಅಮ್ಮಾರಿಗೆ ಹಿಂಗೂ ಇತ್ತೇನ್ರೀ?’ ಎಂದ. ಮೊದಲ ಸಲ ಅವನ ಮಾತು ನನಗೆ ಪೂರ್ತಿ ಕೇಳಿಸಿತು.

ನಾನು ಬಹಿರಂಗವಾಗಿ ಬರೆಯಬೇಕೆಂದಿದ್ದೇನೆ. ನಿನ್ನ ಕೆಲಸದ ಪ್ರಶ್ನೆ ಇದೆ. ನೀನು ಬೇಡವೆಂದರೆ ಬರೆಯುವುದಿಲ್ಲ.

ಕರಿಬಸವರಾಜ


ಲೋಕಿಕೆರೆ
೨೮ ನವೆಂಬರ್ ೨೦೨೫

ಅಜ್ಜಾರೆ,

ಬರೆಯಿರಿ.

ಕರಪತ್ರ ನಾನೂ ನೋಡಿದೆ. ಅದನ್ನು ಡಿಸೈನ್ ಮಾಡುವ ಕಂಪ್ಯೂಟರ್ ನನ್ನ ಪಕ್ಕದ್ದೇ. ಸೋಮವಾರ ಸರ್ ಹತ್ತಿರ ಹೋಗಿ, ಹರಿಹರದಲ್ಲಾದರೂ ಪೂರ್ತಿ ಫೋಟೋ ಹಾಕಿ, ಅವರ ಹೆಸರು ಬರೆಯಿರಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ. ‘ಫೋಟೋ ನಿಂದಾದ್ರೇನು, ಫ್ರೇಮು ನಮ್ದು’ ಎಂದರು. ‘ಹಂಗಾದ್ರೆ ಈ ಸಲ ತಟ್ಟೆ ಹಿಡಿಯಾಕೆ ನಾನು ಬರಂಗಿಲ್ಲ’ ಎಂದೆ. ಡಿಸೆಂಬರ್ ಒಂದರಿಂದ ಸ್ಟುಡಿಯೋಗೂ ಬರುವುದು ಬೇಡ ಎಂದರು. ಕೊಂಡಜ್ಜಿಯ ಸ್ಕೌಟ್ಸ್ ಶಿಬಿರದಲ್ಲಿ ಮಕ್ಕಳ ಫೋಟೋ ತೆಗೆಯುವ ಕೆಲಸ ಸದ್ಯಕ್ಕೆ ಸಿಕ್ಕಿದೆ. ನನ್ನ ಹೆಸರು ಪೂರ್ತಿ ಬರೆಯಿರಿ. ಎಸ್. ಅಂತ ಬೇಡ.

ಅವ್ವ ಈಗ ದಿನಕ್ಕೆ ನಾಲ್ಕೈದು ಮಾತಾಡುತ್ತಾಳೆ. ಒಮ್ಮೊಮ್ಮೆ, ‘ಆ ನಗ್ಸಿದಾಕಿ ಎಲ್ಲಿ ಅದಾಳೆ?’ ಎಂದು ಕೇಳುತ್ತಾಳೆ. ಹರಿಹರದಲ್ಲಿ ಎಂದಿದ್ದೇನೆ. ಬೇರೇನೂ ಹೇಳಿಲ್ಲ.

ಡಿಸೆಂಬರ್ ಏಳರ ಭಾನುವಾರ ನಿಮ್ಮ ಮನೆಗೆ ಬರಲೇ? ಮಷೀನ್ ಬಂದಿದೆಯಲ್ಲ, ಕೂಗದೆ ಮಾತಾಡಬಹುದು.

ಸುಮಾ


ಹರಿಹರ
೩ ಡಿಸೆಂಬರ್ ೨೦೨೫

ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಬೆಳಕಿಂಡಿ ಛಾಯಾಚಿತ್ರ ಬಳಗ, ದಾವಣಗೆರೆ.
(ಪ್ರತಿಗಳು: ಪತ್ರಿಕೆಗಳ ವಾಚಕರ ವಿಭಾಗಕ್ಕೆ, ಸುಮಾ ಗುತ್ತೆಪ್ಪ, ಲೋಕಿಕೆರೆ)

ಮಾನ್ಯರೆ,

ಆಗಸ್ಟ್ ಹದಿನೇಳರಂದು ನಿಮ್ಮ ಸಭಾಂಗಣದಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ಮೂವತ್ತೊಂದನೇ ಚಿತ್ರ ತೆಗೆದವರು ಎಲ್ಲಿ ಎಂದು. ಬಂದಿಲ್ಲ ಎಂದು ನಿಮ್ಮ ಕಾರ್ಯದರ್ಶಿ ಮಹಾಂತೇಶ್ ಇಡೀ ಸಭೆಗೆ ಕೇಳುವಂತೆ ಉತ್ತರಿಸಿದರು. ಆಗ ಅವರಿಂದ ಹತ್ತು ಹೆಜ್ಜೆ ದೂರದಲ್ಲಿ, ನಿಮ್ಮದೇ ವೇದಿಕೆಯ ಮೇಲೆ, ನಿಮ್ಮದೇ ಶಾಲುಗಳ ತಟ್ಟೆ ಹಿಡಿದು ಆಕೆ ನಿಂತಿದ್ದಳು. ಅವಳ ಹೆಸರು ಸುಮಾ ಗುತ್ತೆಪ್ಪ. ತಾನು ಬಂದಿಲ್ಲವೆಂಬ ಮಾತನ್ನು ಅವಳು ತನ್ನ ಕಿವಿಯಿಂದಲೇ ಕೇಳಿಸಿಕೊಂಡಳು.

ಚಿತ್ರದಲ್ಲಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರನ್ನು ನೀವು ಫ್ರೇಮಿನ ಅಳತೆಗೆಂದು ಕತ್ತರಿಸಿದಿರಿ. ಉಳಿದವಳ ನಗೆಗೆ ದೆವ್ವದ ಚೀಟಿ ಅಂಟಿಸಿದಿರಿ. ಆಕೆ ನನ್ನ ಹೆಂಡತಿ ದ್ರಾಕ್ಷಾಯಣಮ್ಮ. ಪಕ್ಕದಲ್ಲಿದ್ದವರು ದುರುಗವ್ವ. ಅವರಿಬ್ಬರೂ ಏಕೆ ನಕ್ಕರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಸೇರಬೇಕಾದ ಮಾತಾಗಿತ್ತು, ತಡವಾಗಿ ಸೇರಿದೆ. ಅದನ್ನು ತಲುಪಿಸಲು ಸುಮಾ ನನಗೆ ಮೂರು ಪತ್ರ ಬರೆಯಬೇಕಾಯಿತು. ನಿಮ್ಮ ಆಹ್ವಾನ ಪತ್ರಿಕೆಯ ಒಂದು ಸಾಲನ್ನು ನೀವು ನಡೆಸಿಕೊಟ್ಟಿದ್ದರೆ ಒಂದು ಸಂಜೆ ಸಾಕಿತ್ತು.

ಚಿತ್ರವನ್ನು ಮನೆಯಲ್ಲಿ ಕುಳಿತು ಮೊಬೈಲಿನಲ್ಲೂ ನೋಡಬಹುದು. ಮುದುಕರು ಬಸ್ಸು ಹತ್ತಿ ಪ್ರದರ್ಶನಕ್ಕೆ ಏಕೆ ಬರುತ್ತಾರೆ? ಅದನ್ನು ತೆಗೆದವರು ಆ ಹೊತ್ತು ಅಲ್ಲಿ ನಿಂತಿದ್ದರು, ಅವರಿಗೆ ಅಂಚಿನ ಆಚೆಗಿನದೂ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ ಎಂದು. ಶಾಲು ಹೊದೆಸಿಕೊಂಡ ಗಣ್ಯರಿಗೆ ಅದು ಗೊತ್ತಿರಲಿಲ್ಲ. ಮೈಕಿನಲ್ಲಿ ಒಂದೂವರೆ ತಾಸು ಮಾತಾಡಿದ ಒಬ್ಬರೂ ಮೂವತ್ತೊಂದನೇ ಚಿತ್ರದ ಹತ್ತಿರ ಬರಲಿಲ್ಲ.

ಸುಮಾ ನನ್ನ ಮನೆಗೆ ಬರುತ್ತೇನೆ ಎಂದು ಬರೆದಿದ್ದಾಳೆ. ಮನೆಯಲ್ಲಿ ನಾನೊಬ್ಬನೇ. ಯಾರಾದರೂ ಬಂದರೆ ಸಾಕು ಎನ್ನುವ ದಿನಗಳಿವು. ಆದರೂ ಈಗ ಬರಬೇಡ ಎಂದು ಇವತ್ತೇ ಉತ್ತರ ಬರೆದಿದ್ದೇನೆ. ಅವಳನ್ನು ನಾನು ಮೊದಲು ಕಾಣಬೇಕಾದದ್ದು ಅವಳ ಚಿತ್ರದ ಪಕ್ಕದಲ್ಲಿ, ನಾಲ್ಕು ಜ‌ನರ ಎದುರಿಗೆ. ನೀವು ಅಚ್ಚು ಹಾಕಿಸಿ ಕೊಟ್ಟ ಮಾತು ಅದು. ಅದನ್ನು ನಮ್ಮ ಮನೆಯ ಒಳಗೆ, ಬಾಗಿಲು ಮುಚ್ಚಿಕೊಂಡು, ನಿಮ್ಮ ಪರವಾಗಿ ನಾವಿಬ್ಬರು ತೀರಿಸಿಕೊಳ್ಳುವುದಿಲ್ಲ.

ಜನವರಿ ನಾಲ್ಕರ ಹರಿಹರದ ಕರಪತ್ರದಲ್ಲೂ ಅದೇ ಸಾಲನ್ನು ಮತ್ತೆ ಹಾಕಿದ್ದೀರಿ. ಆದ್ದರಿಂದ ಕೇಳುತ್ತೇನೆ. ಅಂದು ನಾಲ್ಕು ಗಂಟೆಗೆ ಪೂರ್ತಿ ಚಿತ್ರ ಗೋಡೆಯ ಮೇಲಿರುತ್ತದೆಯೇ? ಇಬ್ಬರ ಹೆಸರೂ ಅದರ ಕೆಳಗೆ ಇರುತ್ತವೆಯೇ? ಸುಮಾ ಗುತ್ತೆಪ್ಪ ಕೈಯಲ್ಲಿ ತಟ್ಟೆಯಿಲ್ಲದೆ ಅದರ ಪಕ್ಕ ನಿಂತಿರುತ್ತಾಳೆಯೇ? ಮತ್ತು ಆಗಸ್ಟ್ ಹದಿನೇಳರಂದು, ಇದ್ದವಳನ್ನು ಇಲ್ಲ ಎಂದದ್ದು ಏಕೆ?

ನನಗೆ ಖಾಸಗಿ ಪತ್ರ ಬರೆಯಬೇಡಿ, ಫೋನು ಮಾಡಬೇಡಿ, ಮನೆಗೆ ಹಣ್ಣು ಹಿಡಿದುಕೊಂಡು ಬರಬೇಡಿ. ಸುಳ್ಳನ್ನು ಇಡೀ ಸಭೆಗೆ ಕೇಳುವಂತೆ ಕೂಗಿದ್ದೀರಿ. ಉತ್ತರವನ್ನೂ ಅಷ್ಟೇ ದನಿಯಲ್ಲಿ, ಅಷ್ಟೇ ಜನರ ಎದುರಿಗೆ ಹೇಳಿ.

ಕರಿಬಸವರಾಜ